ನಾಲ್ಕು ನಿಮಿಷ ಓಡಿದ ಇಂಜಿನ್

ಹೊಸ ಮನೆ, ಮಹಡಿಯ ಕೋಣೆ
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ನಿನ್ನೆ ನಾನೊಬ್ಬಳೇ ಜನರೇಟರಿನ ಆಯಿಲ್ ಬದಲಿಸಿದೆ, ನೆಲಕ್ಕೆ ಒಂದು ತೊಟ್ಟೂ ಬೀಳಲಿಲ್ಲ! ನೀನು ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಆ ವರ್ಕ್‌ಶಾಪಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಟೀ ಕುಡಿದೇ ದಿನ ತಳ್ಳುತ್ತೀಯೋ? ನಾನಂತೂ ಎಷ್ಟು ಖುಷಿಯಾಗಿದ್ದೇನೆ ಅಂದರೆ, ಇವರು ಕೆಮ್ಮಿದರೂ ಎಷ್ಟು ಚೆನ್ನಾಗಿ ಕೆಮ್ಮುತ್ತಾರೆ ಅನ್ನಿಸುತ್ತದೆ. ನಗಬೇಡ. ಕನ್ನಡದಲ್ಲಿ ಇಷ್ಟುದ್ದ ಬರೆದು ಅಭ್ಯಾಸವಿಲ್ಲ, ಇಂಗ್ಲಿಷ್ ಮೀಡಿಯಮ್ಮಿನ ಪಾಪವನ್ನು ಹೊಟ್ಟೆಗೆ ಹಾಕಿಕೋ. ಫೋನಿನಲ್ಲಾದರೆ ನೀನು "ಆಯ್ತು ಬಿಡೇ" ಅಂದು ಮಾತು ಹಾರಿಸುತ್ತೀಯ, ಅದಕ್ಕೇ ಕಾಗದ.

ಇವರ ಝೆರಾಕ್ಸ್ ಅಂಗಡಿ ಕೆಳಗೇ ಇದೆ. ಜನರೇಟರ್ ಇರುವುದು ಅತ್ತೆ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟ ಹಿಂದಿನ ವರಾಂಡದಲ್ಲಿ. ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಮೂರು ನಿಮಿಷ ಓಡಿಸಿ, ಆಯಿಲ್ ಬಿಸಿಯಾದ ಮೇಲೆ ನಿಲ್ಲಿಸಿದೆ. ಕೆಳಗೆ ರಟ್ಟು ಹಾಸಿ, ಹಳೆಯ ಕ್ಯಾನನ್ನು ಅಡ್ಡಕ್ಕೆ ಕೊಯ್ದು ಇಟ್ಟೆ. ಆಯಿಲ್ ಇಳಿಸುವ ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಕೊನೆಯ ಸುತ್ತಿಗೆ ಕೈಯನ್ನು ಥಟ್ಟನೆ ಎಳೆದುಕೊಂಡೆ. ಆಯಿಲ್ ಖಾಲಿಯಾದ ಇಂಜಿನ್ನನ್ನು ಯಾರೂ ಓಡಿಸದಿರಲೆಂದು, ನಿನ್ನ ಹಾಗೆಯೇ ಆಯಿಲ್ ಮುಚ್ಚಳವನ್ನು ಸ್ಟಾರ್ಟರ್ ಹಗ್ಗದ ಹಿಡಿಗೆ ಕಟ್ಟಿದೆ.

ಅತ್ತೆ ನೆಲ ಸವರಿ ನೋಡಿ, "ಒಂದು ಕಲೆ ಇಲ್ವಲ್ಲೇ, ಯಾರು ಕಲಿಸಿದ್ದು?" ಅಂದರು. ನಮ್ಮಣ್ಣ ಅಂದೆ. "ಯಾರು, ಆಯಿಲ್ ಹಾಕೋದು ಮರೆತು ಗಿರಾಕಿ ಜನರೇಟರ್ ಸುಟ್ಟವನಾ? ನಿಮ್ಮಪ್ಪ ಮದುವೇಲಿ ಹೇಳ್ತಿದ್ರು." ನಾನು ನಕ್ಕುಬಿಟ್ಟೆ ಅಣ್ಣಾ. ನಿನ್ನ ಮೇಲಿನ ಆ ಮಾತಿಗೆ, ಹಲ್ಲು ಬಿಟ್ಟು ನಕ್ಕೆ. ಆಗಿನಿಂದ ಕನ್ನಡಿ ನೋಡಲು ಮುಖವಿಲ್ಲ.

ಅವತ್ತು ಅಪ್ಪನ ರಿಪೇರಿ ಶೆಡ್ಡಿನಲ್ಲಿ ಆ ಗಿರಾಕಿಯ ಜನರೇಟರಿನ ಆಯಿಲ್ ಇಳಿಸಿಟ್ಟು, ಹೊಸದನ್ನು ತರಲು ನೀನು ಅಂಗಡಿಗೆ ಹೋಗಿದ್ದೆ. ಕರೆಂಟ್ ಇರಲಿಲ್ಲ, ನನ್ನ ಫೋನ್ ಸತ್ತಿತ್ತು, ಆರು ಗಂಟೆಗೆ ಇವರು ಫೋನ್ ಮಾಡುವವರಿದ್ದರು. ಮದುವೆ ಗೊತ್ತಾಗಿ ಹತ್ತೇ ದಿನವಾಗಿತ್ತು. ನೀನು ಕಟ್ಟಿದ್ದ ಮುಚ್ಚಳವನ್ನು ನಾನೇ ಬಿಚ್ಚಿ, ತಿರುಗಿಸಿ ಹಾಕಿ, ಹಗ್ಗ ಎಳೆದೆ. ಗೊತ್ತಿಲ್ಲದೆ ಅಲ್ಲ, ಸ್ವಲ್ಪ ಹೊತ್ತು ಓಡಿದರೆ ಏನಾದೀತು ಅಂದುಕೊಂಡೆ. ನಾಲ್ಕನೇ ನಿಮಿಷಕ್ಕೆ ಅದು ಕಿರುಚಿ, ಕಚ್ಚಿಕೊಂಡು ನಿಂತೇಹೋಯಿತು. "ಮುಚ್ಚಳ ಕಟ್ಟಿದ್ಯೇನೋ?" ಎಂದು ಅಪ್ಪ ಕೂಗಿದಾಗ ನೀನು ನನ್ನ ಕಪ್ಪು ಬೆರಳುಗಳನ್ನು ನೋಡಿ, "ಮರೆತೆ" ಅಂದೆ. ಇನ್ನು ಈ ಶೆಡ್ಡಿಗೆ ಕಾಲಿಡಬೇಡ ಅಂದರು ಅಪ್ಪ. ನಾನು ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ. ಮದುವೆಗೆ ನೀನು ನೆಂಟರ ಹಾಗೆ ಬಂದು, ಉಂಡು, ಬಸ್ಸು ಹತ್ತಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಇವರು ನಿನ್ನನ್ನು ಕೇಳಿದ್ದಾರೆ. ಟೀ ಕಡಿಮೆ ಮಾಡು.

ತಲೆ ತಗ್ಗಿಸಿಕೊಂಡು,
ನಿನ್ನ ಹಿಂದೆಯೇ ಸುತ್ತುತ್ತಿದ್ದ ಬಾಲ

ತಾ.ಕ.: ಈಗಷ್ಟೇ ಅತ್ತೆಗೂ ಇವರಿಗೂ ನಿಜ ಹೇಳಿದೆ, ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ನಿನ್ನನ್ನು ನೋಡಲು ಹೊರಟಿದ್ದೇನೆ ಅಂತಲೂ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. "ನಂಗೂ ಒಂದು ಟಿಕೆಟ್ ತಗೋ" ಅಂದರು. ಶನಿವಾರ ಬೆಳಿಗ್ಗೆ ಹತ್ತೂವರೆಯ ಪ್ಯಾಸೆಂಜರ್ ಗಾಡಿಯಲ್ಲಿ ನಿನ್ನೂರಿಗೆ ಬಂದು ಇಬ್ಬರೂ ಇಳಿಯುತ್ತೇವೆ.