ಅಜ್ಜಿ ಮನೆಯಲ್ಲಿ ಹುಟ್ಟಿದ ಅಂಜಮ್ಮ ಯಾವ ದೇಶದವಳು?

೧೮ ಆಗಸ್ಟ್ ೧೯೮೨

ತಾಲ್ಲೂಕಿನ ಮಾನ್ಯ ದಂಡಾಧಿಕಾರಿಗಳೇ,

ಕೊಡುತ್ತೇವೆಂದದ್ದು: ಗಡಿಯ ಪ್ರತಿ ಹಳ್ಳಿಗೆ ಅಂಗನವಾಡಿ, ಅದನ್ನು ನಡೆಸಲು ಅದೇ ಹಳ್ಳಿಯ ಓದಿದ ಹೆಣ್ಣುಮಗಳು, ಅವಳಿಗೆ ಏಳು ದಿನದಲ್ಲಿ ವಾಸಸ್ಥಳದ ಪತ್ರ. ಕೊಡದೆ ಹೋದದ್ದು: ಆ ಪತ್ರ. ಅದಿಲ್ಲದೆ ಅವಳಿಗೆ ಕೆಲಸವಿಲ್ಲ, ಅವಳಿಲ್ಲದೆ ಅಂಗನವಾಡಿಯಿಲ್ಲ. ಗೋಡೆ ಎದ್ದಿದೆ, ಬಾಗಿಲಿಗೆ ಬೀಗ ಬಿದ್ದಿದೆ, ಒಳಗೆ ಹಲ್ಲಿಗಳು ಸರ್ಕಾರಿ ಆಶ್ರಯದಲ್ಲಿ ಸುಖವಾಗಿವೆ.

ಯರ್ರಮಿಟ್ಟೆಯ ಅಂಜಮ್ಮನಿಗೆ ಇಪ್ಪತ್ತು ವರ್ಷ. ಆ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ. ಅಪ್ಪ ಇಲ್ಲಿಯವನು, ರಾಗಿ ಹೊಲ ಇಲ್ಲಿಯದು, ಓದಿದ್ದು ಇಲ್ಲಿಯ ಕನ್ನಡ ಶಾಲೆ. ಹುಟ್ಟಿದ್ದು ಮಾತ್ರ ಗಡಿಕಲ್ಲಿನಿಂದ ಮೂರು ಮೈಲಿ ಆಚೆ, ಆಂಧ್ರದಲ್ಲಿರುವ ಅಜ್ಜಿ ಮನೆಯಲ್ಲಿ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ನಮ್ಮ ರೂಢಿ. ಯರ್ರಮಿಟ್ಟೆಯ ಅರ್ಧ ಸೊಸೆಯರ ತವರು ಆಚೆ ಕಡೆಯೇ. ಮೊಮ್ಮಗಳು ಹುಟ್ಟಿದ ಸಂಭ್ರಮಕ್ಕೆ ಅಜ್ಜ ತನ್ನೂರಿನ ಜನನ ಪುಸ್ತಕದಲ್ಲಿ ಒಂದು ಸಾಲು ಬರೆಸಿದ. ಆ ಸಾಲು ಇಂದು ನಿಮ್ಮ ಗುಮಾಸ್ತರ ಕೈಯಲ್ಲಿ ಗಡೀಪಾರಿನ ಆದೇಶವಾಗಿದೆ.

ಕಳೆದ ಶುಕ್ರವಾರ ಅವಳ ಜೊತೆ, ಅವಳ ತಾಯಿ ವೆಂಕಟರತ್ನಮ್ಮನವರ ಜೊತೆ ನಾನೂ ನಿಮ್ಮ ಕಚೇರಿಯಲ್ಲಿ ನಿಂತಿದ್ದೆ.

"ನೀನು ಆಂಧ್ರದೋಳು ಕಣಮ್ಮ, ಅಲ್ಲೋಗಿ ಕೇಳು," ಎಂದರು ಗುಮಾಸ್ತರು.

"ಸಾರ್, ಮೂರು ತಿಂಗಳಿಗೇ ನಮ್ಮಮ್ಮ ಎತ್ಕೊಂಡು ಬಂದ್ಬಿಟ್ಳು."

"ಮೂರು ತಿಂಗಳು ಅಲ್ಲೇನ್ ಮಾಡ್ತಿದ್ದೆ?"

"ಹಾಲು ಕುಡೀತಿದ್ದೆ ಸಾರ್."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತರು ಕೆಂಪಗಾಗಿ ಅರ್ಜಿಯ ಮೇಲೆ 'ಪರರಾಜ್ಯದವರು' ಎಂದು ಗೀಚಿದರು. ವೆಂಕಟರತ್ನಮ್ಮ ಸುಮ್ಮನಿರಲಿಲ್ಲ: "ಏನಪ್ಪಾ, ನಿಮ್ಮಮ್ಮ ನಿನ್ನ ಎಲ್ಲಿ ಹೆತ್ಲು? ಈ ಮೇಜಿನ ಮೇಲಾ?"

ಮರುದಿನ ಆಚೆ ಕಡೆಯ ಕಚೇರಿಗೂ ಹೋದೆವು. ಅಲ್ಲಿನವರು ತಲೆ ಎತ್ತದೆಯೇ, "ಮೀರು ಮೈಸೂರೋಳ್ಳು ಗದಮ್ಮಾ," ಅಂದರು. ಅಂದರೆ ನಾವು ಮೈಸೂರಿನವರು. ಇವರಿಗೆ ಅವಳು ಆಂಧ್ರದವಳು, ಅವರಿಗೆ ಮೈಸೂರಿನವಳು. ಹಾಗಾದರೆ ಅವಳು ಯಾರವಳು ಸ್ವಾಮಿ? ಗಡಿಕಲ್ಲಿನ ಮೇಲೆ ಹತ್ತಿ ಕೂರಬೇಕೇ?

ಮೊನ್ನೆ ಭಾನುವಾರ ಬಾವುಟ ಹಾರಿಸಿ ನೀವು ಮಾಡಿದ ಭಾಷಣ ಕೇಳಿದೆ. ದೇಶ ಬೆಳೆದ ಬಗೆ ಹೇಳಿದಿರಿ. ಸಂಸ್ಥಾನಗಳು ಸೇರಿದವು, ಗೋವಾ ಸೇರಿತು, ಮೊನ್ನೆ ಮೊನ್ನೆ ಸಿಕ್ಕಿಂ ಸೇರಿತು ಎಂದಿರಿ. ನಾವೂ ಚಪ್ಪಾಳೆ ತಟ್ಟಿದೆವು. ಆ ನೆಲಗಳು ಒಳಗೆ ಬಂದಾಗ ಅಲ್ಲಿಯ ಜನರನ್ನು ನೀವು ಯಾವ ಹಾಸಿಗೆಯಲ್ಲಿ ಹುಟ್ಟಿದಿರಿ ಎಂದು ಕೇಳಿದಿರಾ? ಸಾವಿರ ಮೈಲಿ ಆಚೆಯ ಬೆಟ್ಟವನ್ನು ಅಪ್ಪಿಕೊಂಡ ದೇಶಕ್ಕೆ ಮೂರು ಮೈಲಿ ಆಚೆಯ ಬಾಣಂತಿ ಕೋಣೆ ವಿದೇಶವೇ? ಸಂವಿಧಾನ ಕೊಟ್ಟಿದ್ದು ಒಂದೇ ಪೌರತ್ವ. ನಿಮ್ಮ ಗುಮಾಸ್ತರು ತಾಲ್ಲೂಕಿಗೊಂದರಂತೆ ಹೊಲಿಯುತ್ತಿದ್ದಾರೆ. ನಾಡಿನ ಹೆಸರು ಬದಲಿಸಿ ಒಂಬತ್ತು ವರ್ಷವಾಗುತ್ತ ಬಂತು, ಇನ್ನಷ್ಟು ಊರು ನಮಗೆ ಸೇರಬೇಕೆಂದು ವೇದಿಕೆಗಳಲ್ಲಿ ಗುಡುಗುತ್ತೀರಿ. ಸೇರಿಸಿಕೊಂಡು ಮಾಡುವುದೇನು? ಅಲ್ಲಿನ ಹೆಣ್ಣುಮಕ್ಕಳನ್ನೂ ಹೀಗೇ ಅಲೆಸುವುದೇ? ನಿಮಗೆ ಬೇಕಿರುವುದು ನೆಲ. ಅದರ ಮೇಲೆ ನಿಂತ ಮನುಷ್ಯರು ನಿಮಗೆ ಕಾಲಿಗೆ ಮೆತ್ತಿದ ಕೆಸರು. ಥೂ, ಇಂಥ ದೊಡ್ಡಸ್ತಿಕೆಗೆ!

ಅಂಜಮ್ಮನ ದೊಡ್ಡಪ್ಪನ ಸೊಸೆ ಮುನಿಗಂಗಮ್ಮನಿಗೆ ಈಗ ಎಂಟು ತಿಂಗಳು. ತವರಿನಿಂದ ಕರೆದೊಯ್ಯಲು ಬಂದ ಅಣ್ಣನನ್ನು ಅವಳು ಬಾಗಿಲಿನಿಂದಲೇ ವಾಪಸ್ ಕಳಿಸಿದಳು. "ನಾನು ಬರಲ್ಲ ಕಣಣ್ಣ. ನನ್ನ ಮಗೂನೂ ನಾಳೆ ಹಿಂಗೇ ಬೀದಿ ಸುತ್ಬೇಕಾ?" ಅಣ್ಣ ಅಳುತ್ತ ಹೋದ. ಚೊಚ್ಚಲ ಬಸುರಿಯಿಂದ ತವರನ್ನು ಕಿತ್ತುಕೊಂಡ ಕೀರ್ತಿ ನಿಮ್ಮ ಕಚೇರಿಗೆ ಸಲ್ಲಬೇಕು.

ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಕೊನೆಯ ದಿನ ೨೬, ಗುರುವಾರ. ಅಷ್ಟರೊಳಗೆ ಅಂಜಮ್ಮನ ಕೈಗೆ ಪತ್ರ ಬರಬೇಕು. 'ಪರರಾಜ್ಯದವರು' ಎಂದು ಗೀಚಿದ್ದನ್ನು ನೀವೇ ಹೊಡೆದುಹಾಕಿ ಸಹಿ ಮಾಡಬೇಕು. ಪರಿಶೀಲಿಸಲಾಗುವುದು ಎಂಬ ಉತ್ತರ ನಮಗೆ ಬೇಡ.

ಇಂತಿ,
ಇದನ್ನೇ ನಾಲ್ಕು ಸಲ ವಿನಯದಿಂದ ಬರೆದು ಸಾಕಾದ
ಕದಿರಪ್ಪ
ಗಡಿ ಹಳ್ಳಿಗಳ ಹೋರಾಟ ಸಮಿತಿ

ಸಮಿತಿಯ ಮುಂದಿನ ಸಭೆ ನಿಮ್ಮ ಕಚೇರಿಯ ಜಗಲಿಯ ಮೇಲೆ. ಯರ್ರಮಿಟ್ಟೆಯ ಹೆಂಗಸರೆಲ್ಲ ಬರುತ್ತಾರೆ, ಮುನಿಗಂಗಮ್ಮ ಸೂಲಗಿತ್ತಿಯನ್ನು ಜೊತೆಗೆ ಕರೆತರುತ್ತಾಳೆ. ಆಗಸ್ಟ್ ೨೪, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ.