ಚೀಟಿ ಮ್ಯಾಲಿನ ಕಡೀ ಹೆಸರು

ಸೋಮನಿಂಗ, ನೀ ತೀರಿಕೊಂಡು ವರ್ಷಾತು, ಈ ವಾಯ್ಸ್ ನೋಟ್ ಯಾರಿಗೂ ಕಳಿಸಂಗಿಲ್ಲ. ಇವತ್ತ ಮನಗೂಳಿಯಿಂದ ಬಸ್ ಹತ್ತಿ ಆ ಹಳೇ ಸರಕಾರಿ ಕಚೇರಿಯೊಳಗಿನ ಲೈಬ್ರರಿಗೆ ಹೋಗಿದ್ನಿ. ಸಾಲ್ಯಾಗಿದ್ದಾಗ ನಿನ್ನ ಕಾರ್ಡಿನ ಮ್ಯಾಲ ನಾ ಒಯ್ದಿದ್ನಲ್ಲಾ, ಆ ಹಡಗಿನ ಪುಸ್ತಕ, ಇನ್ನೂ ಅಲ್ಲೇ ಐತಿ ನೋಡೋ. ಅದರಾಗಿನ ಹಡಗಿನ ಚಿತ್ರದ ಹಾಳಿ ಹರಕೊಂಡಾಂವ ನಾ, "ಇನ್ನ ಲೈಬ್ರರಿಗೆ ಕಾಲಿಡಬ್ಯಾಡ" ಅನಿಸಿಕೊಂಡಾಂವ ನೀ. ಇವತ್ತ ಖರೇ ಹೇಳಿ ಅಂಟಿಸಿ ಬರಬೇಕಂತ ಆ ಹಾಳಿ ಕಿಸೇದಾಗ ಇಟಗೊಂಡಿದ್ನಿ.

ಲೈಬ್ರರಿ ನೋಡಿಕೊಳ್ಳೋ ಬಾಯಾರು ಹಾಳಿ ಹರಿದ ಜಾಗ ಕಂಡು ಪುಸ್ತಕದ ಹಿಂದಿನ ಚೀಟಿ ನೋಡಿದ್ರು.

"ಕಡೀಕ ಒಯ್ದಾಂವ ಸೋಮನಿಂಗ ಅಂತ್ರಿ. ಎಂಥಾ ಕಳ್ಳ ನೋಡ್ರಿ! ನಿಮಗ ಗೊತ್ತೇನ್ರಿ ಇಂವ?"

ನಾ ಎಷ್ಟ ಮಾತಾಡಾಂವ ಅಂತ ನಿನಗ ಗೊತ್ತಲ್ಲ. "ಇಲ್ರಿ" ಅಂದ್ನಿ.

ಹಡಗು ಇನ್ನೂ ನನ್ನ ಕಿಸೇದಾಗ ಐತಿ.