ಪದಚ್ಛೇದ

ಹುಕ್ಕೇರಿ
೩೦-೯-೨೦೦೪, ಗುರುವಾರ
ಕ್ಷಮಾವಾಣಿಯ ಮರುದಿನ

ಚಿರಂಜೀವಿ ರಾಜಮತಿಗೆ ನಿನ್ನ ದೊಡ್ಡಪ್ಪ ಜಿನಪ್ಪನ ಆಶೀರ್ವಾದಗಳು.

ಜಿನಸ್ಮರಣೆಯ ಬಲದಿಂದ ಇಲ್ಲಿ ಎಲ್ಲರೂ ಕ್ಷೇಮ. ನಾಗನೂರಿನಲ್ಲಿ ನೀನೂ ನಿನ್ನ ತಾಯಿಯೂ ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ. ಶ್ರಾವಣದಲ್ಲಿ ಬಂದ ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ. ಕಣ್ಣಿನ ಪೊರೆ, ದಶಲಕ್ಷಣ ಪರ್ವದ ಪ್ರವಚನಗಳು ಎಂದು ಕಾರಣ ಕೊಡಬಹುದಿತ್ತು, ಅವು ಕಾರಣಗಳಲ್ಲ. ಬರೆಯಲು ಕುಳಿತಾಗಲೆಲ್ಲ ಕೈ ತಾನಾಗಿ ಹಿಂದೆ ಸರಿಯಿತು.

ಗ್ರಂಥಭಂಡಾರದ ಲಿನಕ್ಸ್ ಗಣಕಯಂತ್ರ ಸುಸ್ಥಿತಿಯಲ್ಲಿದೆ. ನೀನು ಬಿಟ್ಟುಹೋದ ಪುಸ್ತಕವನ್ನು ಮೂರು ಸಲ ಪಾರಾಯಣ ಮಾಡಿದ್ದೇನೆ. ಕಳೆದ ತಿಂಗಳು ಯಂತ್ರದ ತಿರುಳನ್ನೇ, ನೀನು ಕರ್ನಲ್ ಎನ್ನುತ್ತಿದ್ದೆಯಲ್ಲ, ಹೊಸದಾಗಿ ಕಟ್ಟಿ ಏರಿಸಿದೆ. ನಾಲ್ಕೂ ಗಣಕಗಳನ್ನು ಒಂದೇ ಜಾಲಕ್ಕೆ ಸೇರಿಸಿದೆ. ಪ್ರತಿ ಶನಿವಾರ ಎಲ್ಲ ಬರಹದ ಪ್ರತಿಯು ಬೇರೊಂದು ಡಿಸ್ಕಿಗೆ ತಾನಾಗಿ ಇಳಿಯುವಂತೆ ನಿಯಮ ಬರೆದಿದ್ದೇನೆ. ನಮ್ಮ ಕಾವಲುಗಾರ ಅಲ್ಲಪ್ಪನ ನಾಲಗೆ ನಿನಗೆ ಗೊತ್ತೇ ಇದೆ. "ಪಂಡಿತರ, ನೀವು ಅದರ ಮುಂದ ಕುಂತದ್ದ ನೋಡಿದ್ರ ಗಂಟಿ ಒಂದ ಬಾರಸೂದ ಬಾಕಿ ಐತ್ರಿ" ಎನ್ನುತ್ತಾನೆ.

ಅರವತ್ತೆಂಟು ದಾಟಿದ ನನಗೆ ನೀನು ಅಕ್ಷರಾಭ್ಯಾಸ ಮಾಡಿಸಿದ ದಿನಗಳು ನೆನಪಾಗುತ್ತವೆ. ಕಡತಗಳ ಅನುಮತಿ ಎಂದರೇನೆಂದು ಮೊದಲ ವಾರ ನನಗೆ ಹತ್ತಲಿಲ್ಲ. ಆಗ ನೀನು, "ಬಸದಿ ನೆನಸ್ಕೊರಿ ದೊಡ್ಡಪ್ಪ. ಗರ್ಭಗುಡಿಗೆ ಯಾರು, ನವರಂಗಕ್ಕ ಯಾರು, ಅಂಗಳಕ್ಕ ಯಾರು, ಅಷ್ಟ" ಎಂದೆ. ಒಂದೇ ಮಾತಿನಲ್ಲಿ ಅರ್ಥವಾಯಿತು. ಹಟ ಹಿಡಿದ ಕೆಲಸವನ್ನು ನಿಲ್ಲಿಸುವ 'ಕಿಲ್' ಎಂಬ ಆಜ್ಞೆಯನ್ನು ಮಾತ್ರ ನಾನು ಒತ್ತಲೊಲ್ಲೆನೆಂದೆ. ಕೊಲ್ಲು ಎಂದು ಬೆರಳಿನಿಂದ ಹೇಗೆ ಬರೆಯಲಿ? "ಅಲ್ಲಿ ಜೀವಾ ಇಲ್ಲರಿ ದೊಡ್ಡಪ್ಪ" ಎಂದು ನಗುತ್ತ, ಪ್ರತಿಸಲವೂ ನೀನೇ ಬಂದು ಒತ್ತುತ್ತಿದ್ದೆ. ಜೀವವಿಲ್ಲದ ಕಡೆ ಅಷ್ಟು ಎಚ್ಚರದಿಂದಿದ್ದವನು ನಾನು.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ಗೋಕಾಕದ ಕಾಲೇಜಿನಿಂದ ನಮ್ಮ ಟ್ರಸ್ಟಿಗೆ ಪತ್ರ ಬಂತು. ಅಲ್ಲಿನ ಗಣಕ ವಿಭಾಗದ ಉಸ್ತುವಾರಿ ಹುದ್ದೆಗೆ ನೀನು ಅರ್ಜಿ ಹಾಕಿರುವಿಯೆಂದೂ, ಹುಕ್ಕೇರಿಯ ಕೆಲಸವನ್ನು ಬಿಟ್ಟದ್ದೇಕೆಂದೂ, ನಿನ್ನನ್ನು ನಂಬಬಹುದೇ ಎಂದೂ ಕೇಳಿದ್ದರು. ಕಾರ್ಯದರ್ಶಿ ಸಮ್ಮೇದ ಅದನ್ನು ನನ್ನ ಮುಂದಿಟ್ಟು, "ನಿಮ್ಮಂಗ ಬರ್ಯಾವ್ರು ಯಾರ ಅದಾರ್ರಿ ಪಂಡಿತರ? ನಾಕ ಸಾಲ ಸಾಕು. ಹುಡುಗಿ ಶಾಣ್ಯಾ, ಆದ್ರ ನಿಗಾ ಕಡಿಮಿ, ಆಕೀ ಕೈಯಾಗ ಎಂಟ ತಿಂಗಳದ ಕೆಲಸ ಹಾಳಾತು ಅಂತ ಬರೀರಿ. ಖರೇನ ಅಲ್ಲೇನು?" ಎಂದ.

ನಾನು ಹೂಂ ಎಂದೆ. ಮೂರು ವಾರ ಆ ಕಾಗದ ನನ್ನ ಮೇಜಿನ ಮೇಲಿತ್ತು. ಪರ್ವದ ಉತ್ತಮ ಸತ್ಯದ ದಿನ ಬಸದಿಯಲ್ಲಿ ಒಂದು ಗಂಟೆ ಸತ್ಯದ ಕುರಿತು ಪ್ರವಚನ ಮಾಡಿದೆ. ಜನ ತಲೆದೂಗಿದರು.

ನಿನ್ನೆ ಕ್ಷಮಾವಾಣಿ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡಿದೆ. ಭಂಡಾರಕ್ಕೆ ಬಂದು ಅಲ್ಲಪ್ಪನಿಗೂ ಮುಗಿದೆ. ಅವನು, "ನನಗ್ಯಾಕ ಮುಗೀತೀರಿ? ನಿಮ್ಮ ಚಾ ಎಷ್ಟೋ ಸಲ ನಾನ ಕುಡದೇನಿ, ಮುಗ್ಯಾಂವ ನಾನ" ಎಂದು ನಕ್ಕ. ನಗು ಇಳಿದ ಮೇಲೆ, "ನಮ್ಮ ರಾಜಮತಿ ತಂಗೀಗೆ ಒಂದ ಕಾಗದಾ ಬರೀರಿ. ಆಕೀ ಕುರ್ಚಿ ನಾನಿನ್ನೂ ದಿನಾ ಒರಸ್ತೇನಿ" ಎಂದ. ಕ್ಷಮೆ ಕೇಳಬೇಕಾದವಳನ್ನು ಬಿಟ್ಟು ಊರಿಗೆಲ್ಲ ಕೈಮುಗಿದು ಬಂದಿದ್ದೆ.

ಆದುದರಿಂದ ನಿನಗೆ ತಿಳಿಯದ ಸಂಗತಿಯೊಂದನ್ನು ಬರೆಯುತ್ತೇನೆ, ಸಮಾಧಾನದಿಂದ ಓದು.

ಕಳೆದ ಕಾರ್ತಿಕದ ಆ ಬೆಳಿಗ್ಗೆ ನೀನಿನ್ನೂ ಬಂದಿರಲಿಲ್ಲ. ಹಳೆಯ ಕರಡುಗಳು ಜಾಗ ತಿನ್ನುತ್ತಿವೆಯೆಂದು ನಾನು 'ರೂಟ್' ಎಂಬ ಸರ್ವಾಧಿಕಾರದ ಹೆಸರಿನಲ್ಲಿ ಒಳಹೊಕ್ಕು ಅಳಿಸಲು ಕುಳಿತೆ. 'ಗ್ರಂಥ' ಎಂಬ ಕೋಶದೊಳಗಿನ 'ಹಳೆ' ಎಂಬ ಒಳಕೋಶವನ್ನಷ್ಟೇ ಅಳಿಸಬೇಕಿತ್ತು. ಎರಡು ಹೆಸರುಗಳ ನಡುವೆ ಒಂದು ಓರೆಗೆರೆಯಿರಬೇಕು, ಬೇರೇನೂ ಇರಕೂಡದು. ತಾಳೆಗರಿಯ ಲಿಪಿಕಾರರು ಪದಗಳ ನಡುವೆ ಜಾಗ ಬಿಡುವುದಿಲ್ಲ. ಕೂಡಿಕೊಂಡ ಸಾಲನ್ನು ಬಿಡಿಸಿ ಪದದಿಂದ ಪದವನ್ನು ಬೇರ್ಪಡಿಸುವುದು ನಲವತ್ತು ವರ್ಷ ನಾನು ಮಾಡಿದ ಕೆಲಸ. ಅಂದೂ ಬೆರಳು ಓರೆಗೆರೆಯಾದ ಮೇಲೆ ಅಭ್ಯಾಸಬಲದಿಂದ ಒಂದು ಖಾಲಿ ಜಾಗವನ್ನು ಒತ್ತಿತು. ಪದಚ್ಛೇದವಾಯಿತು. ಯಂತ್ರವು 'ಹಳೆ'ಯನ್ನು ಬೇರೆ ಹೆಸರೆಂದು ತಿಳಿದು 'ಗ್ರಂಥ'ವನ್ನೇ ಇಡಿಯಾಗಿ ಅಳಿಸಿತು. ಕೇಳದೆ ಅಳಿಸು ಎಂಬ ಗುರುತನ್ನೂ ನಾನೇ ಹಾಕಿದ್ದೆ.

ಮೂಡಲಗಿಯ ಮನೆತನದವರು ನಂಬಿ ಎರವಲು ಕೊಟ್ಟ ಗರಿಗಳಿಂದ ನೀನು ಎಂಟು ತಿಂಗಳು ಕೂಡಿಸಿದ ಪಾಠವೆಲ್ಲ ಹೋಯಿತು. ಗರಿಗಳನ್ನು ಆಗಲೇ ಹಿಂದಿರುಗಿಸಿದ್ದೆವು. ಮತ್ತೆ ಅವರು ಕೊಡಲಿಲ್ಲ. ಸಿ.ಡಿ. ಬರೆಯುವ ಉಪಕರಣ ಕೆಟ್ಟು ಕೂತಿದ್ದರಿಂದ ಬೇರೆ ಪ್ರತಿಯೂ ಇರಲಿಲ್ಲ. ನಾನು ಹೊರಬಂದು ಬಸದಿಗೆ ಹೋಗಿ ಕಣ್ಣುಮುಚ್ಚಿ ಕುಳಿತೆ. ಒಂದು ಮಂತ್ರವೂ ನೆನಪಾಗಲಿಲ್ಲ.

ಅಷ್ಟೇ ಆಗಿದ್ದರೆ ಪ್ರಮಾದವೆನ್ನಬಹುದಿತ್ತು. ನಾವು ಕೊಟ್ಟ ಆಜ್ಞೆಗಳನ್ನೆಲ್ಲ ಯಂತ್ರವು ಒಂದು ಚರಿತ್ರೆಯಲ್ಲಿ ಬರೆದಿಡುತ್ತದೆಂದು ನೀನೇ ಹೇಳಿಕೊಟ್ಟಿದ್ದೆ: "ಕರ್ಮ ಅಂಟಿದಂಗರಿ, ಒಂದೂ ಬಿಡಂಗಿಲ್ಲ." ಮಧ್ಯಾಹ್ನ ಮರಳಿ ಬಂದು ಆ ಒಂದು ಸಾಲನ್ನು ಕಿತ್ತುಹಾಕಿದೆ. ಅದನ್ನು ಕರ್ಮ ಕಳಚುವ ನಿರ್ಜರೆಯೆನ್ನಲಾದೀತೆ? ರೂಟಿನ ಗುಪ್ತಪದ ನಮ್ಮಿಬ್ಬರಿಗೂ ಗೊತ್ತಿದ್ದುದರಿಂದ ಯಾರ ಕೈಯೆಂದು ಹೇಳುವ ಸಾಕ್ಷಿ ಉಳಿಯಲಿಲ್ಲ. ಸಂಜೆ ಸಮ್ಮೇದ ಕೇಳಿದಾಗ ನೀನು ನನ್ನನ್ನೊಮ್ಮೆ ನೋಡಿ, "ನನ್ನ ನಿಗಾದಾಗ ಇತ್ರಿ. ಜವಾಬ್ದಾರಿ ನಂದ" ಎಂದೆ. ನಾನು ಉತ್ತರೀಯವನ್ನು ಸರಿಪಡಿಸಿಕೊಂಡೆ.

ಇಂದು ಬೆಳಿಗ್ಗೆ ಕಾಲೇಜಿಗೆ ಉತ್ತರ ಬರೆದೆ. ಅಳಿಸಿದವನು ನಾನು, ಗುರುತು ಮರೆಸಿದವನು ನಾನು, ಆ ಯಂತ್ರವನ್ನು ನನಗೆ ಕಲಿಸಿದವಳು ಅವಳು ಎಂದು. ಸಮ್ಮೇದ ಓದಿ ಕಾಗದವನ್ನು ನನ್ನತ್ತ ಮರಳಿ ಸರಿಸಿದ. "ಇದಕ್ಕ ಟ್ರಸ್ಟಿನ ಶಿಕ್ಕಾ ಬೀಳಂಗಿಲ್ಲರಿ. ನಾಳೆ ನಿಮ್ಮ ಪ್ರವಚನಾ ಯಾರ ಕೇಳ್ತಾರ?" ಎಂದ. ಶಿಕ್ಕೆಯಿಲ್ಲದೆ ನನ್ನ ಹೆಸರಿನಲ್ಲಿಯೇ ರಿಜಿಸ್ಟರ್ ಅಂಚೆಗೆ ಹಾಕಿದೆ. ಕಾಲೇಜಿನವರು ಒಬ್ಬ ಮುದುಕನ ಮಾತನ್ನು ನಂಬುವರೋ, ತಮ್ಮನ ಮಗಳ ಮೇಲಿನ ಮಮತೆಯೆಂದು ಬದಿಗಿಡುವರೋ ನಾನರಿಯೆ. ಮುಂದಿನ ಪ್ರವಚನವನ್ನು ನಾನೇ ಒಲ್ಲೆನೆಂದಿದ್ದೇನೆ.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ವಿದ್ಯೆಗೆ ತಕ್ಕ ಪೀಠ ನಿನಗೆ ದೊರೆಯಲಿ. ನಿನ್ನ ಶಿಷ್ಯರು ನನಗಿಂತ ಯೋಗ್ಯರಾಗಲಿ.

ಇತಿ ನಿನ್ನ ದೊಡ್ಡಪ್ಪ,
ಜಿನಪ್ಪ

ತಾ. ಕ. ಲಕೋಟೆ ಅಂಟಿಸುವ ಮುನ್ನ, ನೀನು ನನಗೆ ಹೇಳಿಕೊಟ್ಟ ಪಾಠದ ಟಿಪ್ಪಣಿಗಳು ಹೊಸ ಕೆಲಸಕ್ಕೆ ಬೇಕಾದಾವೆಂದು ಸಿ.ಡಿ.ಗೆ ಇಳಿಸಲು ನಿನ್ನ ಕೋಶದ ಪಟ್ಟಿಯನ್ನು ತೆರೆದೆ. ಕೊನೆಯಲ್ಲಿ ಒಂದು ಕಡತ, ಹೆಸರು 'ದೊಡ್ಡಪ್ಪ'. ಕಾರ್ತಿಕದ ಅದೇ ತಾರೀಖು, ಬೆಳಿಗ್ಗೆ ಹನ್ನೊಂದೂ ಕಾಲು. ನಿನ್ನ ಹೊರತು ಯಾರೂ ಓದದಂತೆ ನೀನು ಗರ್ಭಗುಡಿಯ ಬಾಗಿಲು ಹಾಕಿದ್ದೆ. ರೂಟಿಗೆ ಯಾವ ಬಾಗಿಲೂ ಅಡ್ಡವಿಲ್ಲ. ಆದರೂ ನಾನು ತೆರೆಯಲಿಲ್ಲ. ಗಾತ್ರವನ್ನು ಪಟ್ಟಿಯೇ ಹೇಳುತ್ತಿತ್ತು: ಇಪ್ಪತ್ತೆರಡು ಅಕ್ಷರ. ಮಾತ್ರೆ ಎಣಿಸುವ ಬೆರಳಿನಲ್ಲಿ ಎಣಿಸಿ ನೋಡಿದೆ. ನಾನು ಕೊಡಬೇಕಿದ್ದ ಆಜ್ಞೆಗೆ, ಸಾಲು ಮುಗಿಸುವ ಗುರುತೂ ಸೇರಿ, ಇಪ್ಪತ್ತೊಂದು ಸಾಕು. ಇಪ್ಪತ್ತೆರಡಾಗಲು ನಡುವೆ ಒಂದು ಖಾಲಿ ಜಾಗ ಬೇಕು.

ನಾನು ಮಧ್ಯಾಹ್ನ ಕಿತ್ತುಹಾಕಿದ ಸಾಲನ್ನು ನೀನು ಬೆಳಿಗ್ಗೆಯೇ ಓದಿ ಬರೆದಿಟ್ಟಿದ್ದೆ. ಕೆಲಸ ಬಿಟ್ಟು ಹೋಗುವ ದಿನ ನನ್ನ ಪಾದ ಮುಟ್ಟಿ, "ಕಣ್ಣ ತೋರಸ್ಕೊರಿ ದೊಡ್ಡಪ್ಪ, ಅಲ್ಲಿ ಅಕ್ಷರ ಭಾಳ ಸಣ್ಣ ಇರ್ತಾವು" ಎಂದಿದ್ದೆ. ಆ ಮಾತನ್ನು ಬಿಡಿಸಿ ಓದಲು ನನಗೆ ಹನ್ನೊಂದು ತಿಂಗಳು ಬೇಕಾಯಿತು.